ಮುಕ್ಕಾಲಿಗೆ ನಿಲ್ಲುವ ಗಡಿಯಾರ

ಮೂರ್ನಾಡು ಪೇಟೆಯಲ್ಲಿ ಗೊಬ್ಬರದಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಯಮುನಳ ಟೈಲರ್ ಅಂಗಡಿ. ಬಟ್ಟೆ ಕೊಡಲು ಹೋದವರು ಯಾರೇ ಆಗಲಿ, ಅಲ್ಲಿ ಒಂದು ಪರೀಕ್ಷೆ ಪಾಸಾಗಬೇಕು. ಯಮುನ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಕಿಸೆ ನೋಡ್ಕೊಂಡ್ರಾ?" ಎಂದು ಕೇಳುತ್ತಾಳೆ. ನೋಡಿದ್ದೇನೆ ಎಂದರೆ ನಂಬುವ ಹೆಂಗಸಲ್ಲ. "ನನ್ನೆದುರಿಗೇ ಹೊರಗೆ ಎಳ್ದು ತೋರ್ಸಿ." ಪೊಲೀಸರ ಪ್ಯಾಂಟಾಗಲಿ, ಭಟ್ಟರ ಜುಬ್ಬವಾಗಲಿ, ಅವಳ ಮುಂದೆ ಕಿಸೆ ನಾಲಿಗೆ ಚಾಚಲೇಬೇಕು. ಕಿಸೆಯೇ ಇಲ್ಲದ ರವಿಕೆ ಕೊಟ್ಟರೂ ಒಮ್ಮೆ ಕೊಡವಿ ನೋಡಿಯೇ ತೆಗೆದುಕೊಳ್ಳುತ್ತಾಳೆ. ಹೊಸಬರು ಮುಖ ಗಂಟಿಕ್ಕುತ್ತಾರೆ, ಹಳಬರು ನಗುತ್ತಾರೆ. ತೀರಾ ಹಳಬರು ಮಾತ್ರ ನಗುವುದಿಲ್ಲ, ಅವರಿಗೆ ಕಾರಣ ಗೊತ್ತು.

ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹತ್ತೊಂಬತ್ತು ವರ್ಷದ ಹಿಂದೆ, ಪೇಟೆಯಿಂದ ಎರಡು ಮೈಲಿ ಆಚೆ ಎಸ್ಟೇಟ್ ಇರುವ ಶಾಂಭವಿಯಕ್ಕನ ಮನೆಯಿಂದ ಒಂದು ಕರಿಯ ಉಣ್ಣೆಕೋಟು ಬಂತು. ಅದು ಅವರ ಮಾವನವರ ಮದುವೆಯ ಕೋಟು. ಒಳಗಿನ ಕಿಸೆಯನ್ನು ಇಲಿ ಕಡಿದಿತ್ತು, ಹೊಸ ಕಿಸೆ ಹಾಕಬೇಕಿತ್ತು. ಕೋಟನ್ನು ಚೀಲದಲ್ಲಿಟ್ಟು ನಡೆದುಕೊಂಡು ತಂದವಳು ಆ ಮನೆಯ ಅಡುಗೆಮನೆ ಕೆಲಸದ ಚೋಮಿ. ಜೊತೆಗೆ ತನ್ನದೂ ಒಂದು ರವಿಕೆ ಬಟ್ಟೆ ತಂದಿದ್ದಳು, ಕೆಂಪಿನ ಮೇಲೆ ಬಿಳಿ ಹೂವು. ಯಮುನ ಕೋಟಿನ ಕಿಸೆಗೆ ಕೈ ಹಾಕಿ ನೋಡಿದಳು, ಖಾಲಿ. ಹಳೆಯ ಕಿಸೆಯನ್ನು ಕರಕರ ಕತ್ತರಿಸಿ ಚಿಂದಿಬುಟ್ಟಿಗೆ ಎಸೆದು, ಹೊಸದನ್ನು ಹೊಲಿದು, ಮೂರನೆಯ ದಿನ ಕೋಟು ಕಳಿಸಿಕೊಟ್ಟಳು.

ಹದಿನೈದು ದಿನ ಬಿಟ್ಟು ಶಾಂಭವಿಯಕ್ಕನ ಜೀಪು ಬಂದು ಯಮುನಳನ್ನು ಹತ್ತಿಸಿಕೊಂಡು ಹೋಯಿತು. ಮಾವನವರು ಹಾಸಿಗೆ ಹಿಡಿದಿದ್ದರು. ತನ್ನ ಮದುವೆಗೆ ಸೋದರಮಾವ ಕೊಟ್ಟ ಚಿನ್ನದ ನಾಣ್ಯ, ಪವನು, ಆ ಕೋಟಿನ ಕಿಸೆಯಲ್ಲೇ ಇತ್ತು, ಕೊಡಿ, ಒಮ್ಮೆ ಕೈಯಲ್ಲಿ ಹಿಡೀಬೇಕು ಎಂದು ಹಟ ಮಾಡುತ್ತಿದ್ದರಂತೆ. ಶಾಂಭವಿಯಕ್ಕ ಜಗಲಿಯಲ್ಲಿ ನಿಂತು ಕೇಳಿದರು, "ಪವನು ಎಲ್ಲಿ ಯಮುನ?" ಹಣ್ಣು ಕಾಫಿ ತೂಗುವ ಹೊತ್ತು ಅದು. ಕೆಳಗೆ ಕಣದ ತುಂಬ ಕಾಫಿ ಕೊಯ್ಯುವ ಪಿಕ್ಕಿಂಗಿನವರು ಮೂಟೆ ಇಳಿಸಿ ನಿಂತಿದ್ದರು, ಎಲ್ಲರ ಕಿವಿಯೂ ಮೇಲೆಯೇ ಇತ್ತು.

"ಕಾವೇರಮ್ಮನಾಣೆ, ನಾನೇ ಕೈ ಹಾಕಿ ನೋಡಿದ್ದೇನೆ, ಕಿಸೇಲಿ ಏನೂ ಇರಲಿಲ್ಲ" ಎಂದಳು ಯಮುನ. ಅದು ನಿಜವೇ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಷ್ಟು ಜನರ ಎದುರಿಗೆ ಕಳ್ಳಿಯ ಹಾಗೆ ನಿಲ್ಲಿಸಿದರಲ್ಲ ಎಂಬ ರೋಷ ಬಂತು. "ಕೋಟು ತಂದವಳು ನಿಮ್ಮನೆಯವಳೇ ಅಲ್ವಾ ಅಕ್ಕ? ಅವಳನ್ನ ಕೇಳಿ!" ಎಂದು ಕಣಕ್ಕೆಲ್ಲ ಕೇಳುವಂತೆ ಹೇಳಿಬಿಟ್ಟಳು. ಚೋಮಿ ಅಲ್ಲೇ ಬಾಗಿಲಲ್ಲಿ, ಯಮುನಳಿಗೆಂದೇ ಮಾಡಿದ ಕಾಫಿಯ ಲೋಟ ಹಿಡಿದು ನಿಂತಿದ್ದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾರೂ ಚೋಮಿಯನ್ನು ಬೈಯಲಿಲ್ಲ, ಪೊಲೀಸರಿಗೆ ಹೇಳಲಿಲ್ಲ. ಅಡುಗೆಮನೆಗೆ ಮಾತ್ರ ಬರಬೇಡ, ತೋಟದ ಕೆಲಸಕ್ಕೆ ಹೋಗು ಎಂದರು. ಪಿಕ್ಕಿಂಗ್ ಮುಗಿಯುವ ಹೊತ್ತಿಗೆ ಅವಳು ಗಂಡನ ಜೊತೆ ಬಾಳೆಲೆ ಕಡೆಯ ಒಂದು ಎಸ್ಟೇಟಿನ ಕೂಲಿ ಲೈನಿಗೆ ಹೊರಟುಹೋದಳು. ಹೊಲಿದಿಟ್ಟ ಕೆಂಪು ರವಿಕೆಯನ್ನು ತೆಗೆದುಕೊಳ್ಳಲು ಬರಲೇ ಇಲ್ಲ. ಆ ಮಳೆಗಾಲದಲ್ಲಿ ಮಾವನವರು ತೀರಿಕೊಂಡರು, ಪವನಿನ ಮಾತೂ ನಿಂತಿತು. ನಿಲ್ಲದ್ದು ಯಮುನಳ ಒಳಗಿನದು. ತಾನು ಕದ್ದಿಲ್ಲ ಎಂದು ಅವಳಿಗೆ ಗೊತ್ತು. ಚೋಮಿ ಕದ್ದಳೋ ಇಲ್ಲವೋ ಅದು ಗೊತ್ತಿಲ್ಲ. ಗೊತ್ತಿಲ್ಲದೆ ಹೇಳಿದೆನಲ್ಲ ಎಂಬುದು ಹತ್ತೊಂಬತ್ತು ವರ್ಷ ಕಾಲಿನ ಮುಳ್ಳಾಗಿ ಉಳಿಯಿತು. ಕಿಸೆಯ ಪರೀಕ್ಷೆ ಶುರುವಾದದ್ದು ಆಗಲೇ.

ಪರೀಕ್ಷೆಯಿಂದ ಒಂದು ತಮಾಷೆ ಆಯಿತು. ಕಿಸೆಯಿಂದ ಹೊರಗೆ ಬಿದ್ದದ್ದನ್ನು ಕಂಡು ಎಷ್ಟೋ ಜನ, "ಇದು ನಂದಲ್ಲ" ಎಂದುಬಿಡುತ್ತಿದ್ದರು! ಹೆಂಡತಿ ಪಕ್ಕದಲ್ಲಿ ನಿಂತಿರುವಾಗ ಕೇರಳ ಲಾಟರಿ ಟಿಕೆಟ್ ಹೊರಬಿದ್ದರೆ ಯಾವ ಗಂಡ ತಾನೇ ತನ್ನದೆನ್ನುತ್ತಾನೆ? ಮದುವೆಯಾಗದ ಹುಡುಗನ ಅಂಗಿಯಲ್ಲಿ ಒಂಟಿ ಓಲೆ ಸಿಕ್ಕಿತು, ಹುಡುಗ ಕಿವಿಯವರೆಗೂ ಕೆಂಪಾಗಿ ನನ್ನದಲ್ಲವೇ ಅಲ್ಲ ಎಂದ. ನಿವೃತ್ತ ಹೆಡ್‌ಮಾಸ್ಟರರ ಪ್ಯಾಂಟಿನಲ್ಲಿ ಕಾಗದದಲ್ಲಿ ಸುತ್ತಿದ ಒಂದು ಹಾಲುಹಲ್ಲು! ಅವರೂ ಅಲ್ಲವೆಂದರು. ಹಾಗಾದರೆ ಯಾರದು ಆ ಹಲ್ಲು? ಅವರ ಮನೆಯಲ್ಲಿ ಮಕ್ಕಳೇ ಇರಲಿಲ್ಲವಲ್ಲ? ಯಮುನ ಮಿಷಿನ್ ತುಳಿಯುತ್ತಾ ಇಂಥವನ್ನು ದಿನಗಟ್ಟಲೆ ಯೋಚಿಸುತ್ತಿದ್ದಳು. ಯಾರೂ ಒಪ್ಪಿಕೊಳ್ಳದವು ಒಂದೊಂದಾಗಿ ಅವಳ ಉಪ್ಪಿನಕಾಯಿ ಭರಣಿಗೆ ಸೇರಿದವು. ಹೀಗೆ ಭರಣಿ ಕಂಠದವರೆಗೆ ತುಂಬಿತು.

ಹೋದ ಡಿಸೆಂಬರಿನಲ್ಲಿ ಒಂದು ಹೋಂಸ್ಟೇಗೆ ಪರದೆ ಹೊಲಿದುಕೊಟ್ಟಳು. ಕಟ್ಟಿಸಿಬರಲು ಹೋದಾಗ ಅಲ್ಲಿನ ಗೋಡೆಯ ಮೇಲೆ ಹಳೆಯ ಚಮಚಗಳನ್ನು ಅಂಟಿಸಿದ ಒಂದು ಭಾರೀ ಗಡಿಯಾರ ನೋಡಿದಳು. ದೂರದ ಊರಿಂದ ತರಿಸಿದ್ದು ಎಂದು ಅಲ್ಲಿಯವರು ಹೆಮ್ಮೆಪಟ್ಟರು. ಯಮುನ ಕತ್ತು ಓರೆ ಮಾಡಿ ನೋಡಿಯೇ ನೋಡಿದಳು. ಮನೆಗೆ ಬಂದವಳೇ ಗಂಡ ಕುಟ್ಟಪ್ಪನಿಗೆ, ಉಂಟು ಎನ್ನಲು ಉಟ್ಟು ಎನ್ನುವ ಮನೆಯ ಅರೆಭಾಷೆಯಲ್ಲಿ ಹೇಳಿದಳು, "ಚಮಚ ಅಂಟ್ಸಿ ಅಷ್ಟು ಜಂಭ! ನನ್ನ ಭರಣೀಲಿ ಅದರಪ್ಪನಂಥ ಗಡಿಯಾರ ಉಟ್ಟು."

ಕುಟ್ಟಪ್ಪ ನಲವತ್ತು ವರ್ಷ ತೋಟಗಳ ಪಂಪ್‌ಸೆಟ್ ರಿಪೇರಿ ಮಾಡಿದವನು. ಈಗ ಬೆನ್ನುನೋವೆಂದು ಮನೆಯಲ್ಲಿರುವವನು. "ಅರವತ್ತಾತು ನಿಂಗೆ. ಸೂಜಿಗೆ ದಾರ ಹಾಕಕ್ಕೆ ಕಣ್ ಕಾಣದಿಲ್ಲೆ, ಗಡಿಯಾರ ಮಾಡ್ತಾಳಂತೆ" ಎಂದು ಗೊಣಗಿದ. ಗೊಣಗುತ್ತಲೇ ಹಿತ್ತಲಿಗೆ ಹೋಗಿ, ಯಾವಾಗಲೋ ಲೈನ್‌ಮನ್‌ಗಳು ಬಿಟ್ಟುಹೋಗಿದ್ದ ಕೇಬಲ್ ಚಕ್ರದ ಹಲಗೆಯನ್ನು ಉರುಳಿಸಿಕೊಂಡು ಬಂದ. ಎರಡೂವರೆ ಅಡಿ ಅಗಲ, ಸರಿಯಾಗಿ ಗುಂಡಗೆ, ನಡುವೆ ತೂತೂ ಇತ್ತು. ಗಂಡಸರ ಗೊಣಗಾಟಕ್ಕೆ ಯಾವಾಗಲೂ ಅರ್ಧ ಕಿವಿ ಕೊಟ್ಟರೆ ಸಾಕು.

ಕ್ರಿಸ್‌ಮಸ್ ರಜೆ ಪೂರ್ತಿ ಇಬ್ಬರೂ ಅದಕ್ಕೇ ಕೂತರು. ಕುಟ್ಟಪ್ಪ ಹಲಗೆ ಉಜ್ಜಿ ಎಣ್ಣೆ ಹಚ್ಚಿದ, ಮಡಿಕೇರಿಯಿಂದ ದೊಡ್ಡ ಗಡಿಯಾರಕ್ಕೆ ಹಾಕುವ ಬ್ಯಾಟರಿ ಮಿಷಿನ್ ತಂದ. ಯಮುನ ಭರಣಿಯನ್ನು ಚಾಪೆಗೆ ಸುರಿದು ಒಂದೊಂದು ಗಂಟೆಗೂ ಒಂದೊಂದು ವಸ್ತು ಆರಿಸಿದಳು. ಹನ್ನೆರಡಕ್ಕೆ ಹಂದಿ ಬೇಟೆಯ ಕಾಲದ ಒಂದು ಕೋವಿ ತೋಟಾದ ಹಿತ್ತಾಳೆ ತಲೆ. ಮೂರಕ್ಕೆ ಕಂಡಕ್ಟರನ ಸೀಟಿ. ಆರಕ್ಕೆ ಆ ಒಂಟಿ ಓಲೆ. ಒಂಬತ್ತಕ್ಕೆ ಹೆಡ್‌ಮಾಸ್ಟರರ ಕಿಸೆಯ ಹಾಲುಹಲ್ಲು. ಲಾಟರಿ ಟಿಕೆಟ್ಟನ್ನು ಮಡಚಿ ಹತ್ತಕ್ಕೆ ಅಂಟಿಸಿದಳು. ಅದಕ್ಕೆ ಬಹುಮಾನ ಬಂದಿತ್ತೋ ಏನೋ, ಯಾರು ನೋಡಿದ್ದಾರೆ? ಗಂಟೆಯ ಮುಳ್ಳಿಗೆ ಹಲ್ಲುದುರಿದ ಒಂದು ಬಾಚಣಿಗೆ. ನಿಮಿಷದ ಮುಳ್ಳಿಗೆ ಮಾತ್ರ ತನ್ನದೇ ವಸ್ತು ಬೇಕೆನಿಸಿತು, ಹೊಲಿಗೆ ಕಲಿಯಲು ಸೇರಿದ ದಿನ ಅಪ್ಪ ತಂದುಕೊಟ್ಟ ಒಂದಡಿಯ ಮರದ ಸ್ಕೇಲು ಕೊಟ್ಟಳು.

ಗೋಡೆಗೆ ಏರಿಸಿ ಬ್ಯಾಟರಿ ಹಾಕಿದಾಗ ಟಿಕ್ ಎಂದಿತು. ಇಬ್ಬರೂ ಮಕ್ಕಳ ಹಾಗೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಸ್ಕೇಲು ಕೆಳಗಿಳಿಯಿತು, ಓಲೆ ದಾಟಿತು, ಮೇಲೆ ಹತ್ತತೊಡಗಿತು, ಹಲ್ಲಿನ ಹತ್ತಿರ ಬಂದು ನಡುಗಿ ನಿಂತಿತು. ಮುಕ್ಕಾಲು. ಕೈಯಿಂದ ದಾಟಿಸಿದರೆ ಮುಂದಿನ ಗಂಟೆ ಮತ್ತೆ ಮುಕ್ಕಾಲಿಗೆ ನಿಂತಿತು. ಹೊಸ ಬ್ಯಾಟರಿ ಹಾಕಿದರು, ಗೋಡೆ ಬದಲಿಸಿದರು, ಯಮುನ ಸ್ಟೂಲ್ ಹಾಕಿಕೊಂಡು ಒಂದು ಗಂಟೆ ಅದರ ಮುಖವನ್ನೇ ನೋಡುತ್ತಾ ಕೂತಳು. ಮುಕ್ಕಾಲಿಗೇ ಯಾಕೆ? ಕಾಲಿಗೆ ಯಾಕಲ್ಲ? ಹಲ್ಲಿನಲ್ಲಿ ಏನಾದರೂ ಉಂಟೋ?

"ಹಲ್ಲಲ್ಲಿ ಎಂಥದೂ ಇಲ್ಲೆ" ಎಂದ ಕುಟ್ಟಪ್ಪ. ಮೆಕ್ಯಾನಿಕ್ ಬುದ್ಧಿ ಈಗ ಎಚ್ಚರಾಗಿತ್ತು. "ಇಳಿವಾಗ ಸ್ಕೇಲು ತಾನೇ ಬೀಳ್ತದೆ. ಹತ್ತುವಾಗ ಮುಕ್ಕಾಲಲ್ಲಿ ಅಡ್ಡ ಚಾಚ್ತದೆ ನೋಡ್, ಪೂರಾ ಭಾರ ಅಲ್ಲೇ. ಎತ್ತಕ್ಕೆ ಮಿಷಿನ್‌ಗೆ ತಾಕತ್ತಿಲ್ಲೆ. ಹಿಂದೆ ಬಾಲ ಮಾಡಿ ಭಾರ ಕಟ್ಟಿರೆ ದಾಟ್ತದೆ." ಸ್ಕೇಲಿನ ಬುಡಕ್ಕೆ ಮೂರಿಂಚಿನ ಕೊಡೆಕಡ್ಡಿಯ ಬಾಲ ಕಟ್ಟಿಕೊಟ್ಟ. ಭಾರಕ್ಕೆ ಏನಾದರೂ ಮೆತ್ತಗಿನದು ಹುಡುಕು, ಹಲಗೆಗೆ ತಾಗಬಾರದು ಎಂದ.

ಯಮುನಳ ಡ್ರಾಯರಿನಲ್ಲಿ ಎರಡು ಪುಟ್ಟ ಸೂಜಿದಿಂಬುಗಳಿದ್ದವು. ಚೋಮಿಯ ರವಿಕೆ ಬಟ್ಟೆಯಲ್ಲಿ ಉಳಿದ ತುಂಡಿನಿಂದ, ಬುಟ್ಟಿಯ ಚಿಂದಿ ತುಂಬಿ, ಕೋಟು ಬಂದ ಆ ವಾರವೇ ಮಾಡಿದ್ದವು, ಕೆಂಪಿನ ಮೇಲೆ ಬಿಳಿ ಹೂವು, ಅವಳಿಜವಳಿಯ ಹಾಗೆ ಒಂದೇ ಅಳತೆ. ಒಂದನ್ನು ದಿನಾ ಬಳಸುತ್ತಿದ್ದಳು. ಇನ್ನೊಂದಕ್ಕೆ ಮಾತ್ರ ಚುಚ್ಚಿದ ಸೂಜಿಯೆಲ್ಲ ಏನಕ್ಕೋ ತಾಗಿ ಮೊನೆ ಮುರಿಯುತ್ತಿತ್ತು. ಚಿಂದಿಯ ಜೊತೆ ಗುಂಡಿಯೋ ಗಿಂಡಿಯೋ ಸೇರಿಹೋಗಿದೆ ಎಂದು ಮೂಲೆಗೆ ಹಾಕಿದ್ದಳು. ಕೆಲಸಕ್ಕೆ ಬಾರದ್ದು ಇದಕ್ಕಾದರೂ ಬರಲಿ ಎಂದು ಆ ಸೂಜಿಮುರುಕನನ್ನೇ ಬಾಲಕ್ಕೆ ಕಟ್ಟಿದಳು.

ಗಡಿಯಾರ ಓಡಿತು! ಮುಕ್ಕಾಲು ದಾಟಿತು, ಹನ್ನೆರಡು ದಾಟಿತು, ಒಂದು ವಾರ ಒಂದು ನಿಮಿಷವೂ ತಪ್ಪಲಿಲ್ಲ. ಅಂಗಡಿಗೆ ಬಂದವರೆಲ್ಲ ಬಾಯಿ ತೆರೆದು ನೋಡುವವರೇ. ಒಂಟಿ ಓಲೆಯ ಹುಡುಗ, ಈಗ ಎರಡು ಮಕ್ಕಳ ತಂದೆ, ಆರು ಗಂಟೆಯನ್ನು ಕಂಡವನೇ ಬಂದ ಕೆಲಸ ಮರೆತು ಮೆಟ್ಟಿಲಿಳಿದು ಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಮುನಳಿಗೆ ಮೂರು ದಿನ ನಗು ತಡೆಯಲಾಗಲಿಲ್ಲ.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಯಮುನಳ ಕೈ ಸುಮ್ಮನಿರುವ ಜಾತಿಯದಲ್ಲ. ಬಾಲದ ದಿಂಬಿಗೆ ಹಲಗೆಯ ಎಣ್ಣೆ ತಾಗಿ ಕಲೆಯಾಗಿತ್ತು. ಅದರ ಜೋಡಿ ಇನ್ನೂ ಚೊಕ್ಕಟ ಇದೆಯಲ್ಲ ಎಂದು ಒಂದು ಬೆಳಿಗ್ಗೆ ಬದಲಾಯಿಸಿದಳು. ಗಡಿಯಾರ ಮುಕ್ಕಾಲಿಗೆ ನಿಂತಿತು. ಹಳೆಯದನ್ನು ಕಟ್ಟಿದಳು, ಓಡಿತು. ಚೊಕ್ಕಟದ್ದನ್ನು ಕಟ್ಟಿದಳು, ನಿಂತಿತು. ಒಂದೇ ಬಟ್ಟೆ, ಒಂದೇ ಅಳತೆ, ಒಂದೇ ಬುಟ್ಟಿಯ ಚಿಂದಿ. ಒಂದು ಗುಂಡಿಯಿಂದ ಇಷ್ಟು ವ್ಯತ್ಯಾಸ ಬರುತ್ತದೆಯೇ? ಅವಳು ಬಟ್ಟೆ ಅಳೆಯುವ ಕೋಲನ್ನು ಕುರ್ಚಿಯ ಬೆನ್ನಿನ ಮೇಲೆ ನಡುವಿಗೆ ನಿಲ್ಲಿಸಿ, ಎರಡು ತುದಿಗೆ ಎರಡು ದಿಂಬು ಇಟ್ಟಳು. ಸೂಜಿಮುರುಕನ ಕಡೆ ಕೋಲು ಧಡಕ್ಕನೆ ಕೆಳಗೆ ಹೋಯಿತು.

ಇಷ್ಟು ಭಾರದ ಗುಂಡಿಯನ್ನು ಮೂವತ್ತಾರು ವರ್ಷದ ಹೊಲಿಗೆಯಲ್ಲಿ ಅವಳು ಕಂಡಿರಲಿಲ್ಲ. ಬ್ಲೇಡು ತೆಗೆದುಕೊಂಡು ದಿಂಬಿನ ಹೊಲಿಗೆ ಬಿಚ್ಚಿದಳು. ಬಣ್ಣಬಣ್ಣದ ಚಿಂದಿಯ ನಡುವಿನಿಂದ ಒಂದು ಮಾಸಿದ ಬಿಳಿ ಬಟ್ಟೆಯ ತುಂಡು ಬಂತು, ಅಂಚಿನಲ್ಲಿ ಇಲಿ ಕಡಿದ ಗುರುತು. ಅದರ ಮೂಲೆಯನ್ನು ಹೊರಗಿನಿಂದ ತಿರುಚಿ, ಕರಿದಾರದಿಂದ ಬಿಗಿಯಾಗಿ ಸುತ್ತಿ, ಕಡಲೆಗಿಂತ ದೊಡ್ಡದೊಂದು ಗಂಟು ಕಟ್ಟಲಾಗಿತ್ತು. ಹೆಂಗಸರು ಸೆರಗಿನ ತುದಿಗೆ ಕಾಸು ಕಟ್ಟುವುದಿಲ್ಲವೇ, ಹಾಗೆ. ಮುದುಕರು ಪವನನ್ನು ಕಿಸೆಯ ಒಳಗೆ ಇಟ್ಟಿರಲಿಲ್ಲ. ಕಿಸೆಗೂ ಲೈನಿಂಗಿಗೂ ನಡುವೆ, ಕಿಸೆಯ ಹಿಂಬದಿಗೆ ಕಟ್ಟಿ ಬಚ್ಚಿಟ್ಟಿದ್ದರು. ಒಳಗೆ ಕೈ ಹಾಕಿದರೆ ಸಿಗುವ ಜಾಗವೇ ಅಲ್ಲ ಅದು. ಬ್ಲೇಡಿನ ತುದಿಯಿಂದ ದಾರ ಕತ್ತರಿಸಿದಾಗ ಪವನು ಅಂಗೈ ಮೇಲೆ ಬಿತ್ತು.

ಯಮುನ ನೆಲದ ಮೇಲೆ ಕೂತುಬಿಟ್ಟಳು. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಇವಳು ಹುಡುಕಲೂ ಇಲ್ಲ, ಇನ್ನೊಬ್ಬಳ ಮೇಲೆ ಹೇಳಿದಳು. ತನ್ನ ಕತ್ತರಿಯಿಂದಲೇ ಕತ್ತರಿಸಿ, ತನ್ನ ಕೈಯಿಂದಲೇ ತುಂಬಿ, ಚೋಮಿಯ ರವಿಕೆಯ ಬಟ್ಟೆಯಲ್ಲೇ ಹೊಲಿದು ಇಟ್ಟುಕೊಂಡಿದ್ದಳು.

ಕುಟ್ಟಪ್ಪ ನಾಣ್ಯವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಶಾಂಭವಿಯಕ್ಕಂಗೆ ಕೊಟ್ಟ್‌ಬಿಡ್. ಹಳೇ ಚಿಂದೀಲಿ ಸಿಕ್ತು ಅಂತ ಹೇಳ್. ಅವ್ರು ಖುಷಿ ಪಡ್ತಾರೆ, ಮುಗ್ತ್."

"ಮತ್ತೆ ಚೋಮಿ?"

"ಚೋಮಿ ಎಲ್ಲಿ ಉಟ್ಟೋ, ಬದುಕಿಯಾದ್ರೂ ಉಟ್ಟೋ. ಈಗ ಅದ್ನೆಲ್ಲ ಕೆದ್ಕಿ ನಿನ್ನ ಅಂಗಡಿ ಹೆಸ್ರು ಕೆಡ್ಸಿಕೊಳ್ಳುದು ಯಾಕೆ? ಪೇಟೆಯವು ಎಂಥ ಹೇಳ್ತಾರೆ ಗೊತ್ತುಟ್ಟಾ? ಯಮುನಕ್ಕನ ಹತ್ರವೇ ಇತ್ತಂತೆ ಅಂತಾರೆ. ಸಿಕ್ಕಿತು ಅಂತ ಯಾರೂ ಹೇಳುದಿಲ್ಲೆ."

ಅವನು ಹೇಳಿದ್ದು ಸುಳ್ಳಲ್ಲ. ಯಮುನಳಿಗೂ ಹೆದರಿಕೆಯಾಯಿತು. ಹತ್ತೊಂಬತ್ತು ವರ್ಷ ಬೇರೆಯವರ ಕಿಸೆ ಹೊರಗೆ ಎಳೆಸಿದವಳು ತನ್ನ ಕಿಸೆಯನ್ನು ಪೇಟೆಯ ಎದುರಿಗೆ ಎಳೆದು ತೋರಿಸಬೇಕು! ಎರಡು ದಿನ ಅವಳು ಮಿಷಿನ್ ಮುಟ್ಟಲಿಲ್ಲ. ಮೂರನೆಯ ದಿನ, "ಪವನು ಶಾಂಭವಿಯಕ್ಕಂದು, ಅವ್ರಿಗೆ ಹೋಗ್ಲಿ. ಆದ್ರೆ ಚೋಮಿದೂ ಒಂದು ನನ್ನ ಹತ್ರ ಉಳ್ದುಟ್ಟು, ಮೊದಲು ಅದು" ಎಂದಳು. ಕಪಾಟಿನ ಮೇಲಿನ ಅರೆಯಿಂದ ಕಾಗದದಲ್ಲಿ ಸುತ್ತಿಟ್ಟ ರವಿಕೆಯನ್ನು ಇಳಿಸಿ, ಬೆಳಗಿನ ಮೊದಲ ಬಸ್ಸು ಹತ್ತಿದಳು.

ಗೋಣಿಕೊಪ್ಪದಲ್ಲಿ ಬಸ್ಸು ಬದಲಿಸಿ, ಬಾಳೆಲೆಯಲ್ಲಿ ಇಳಿದು, ಮೂರು ಎಸ್ಟೇಟಿನಲ್ಲಿ ವಿಚಾರಿಸಿದ ಮೇಲೆ ಚೋಮಿ ಸಿಕ್ಕಳು. ಲೈನ್ ಮನೆಯ ಮುಂದೆ ಬಿಸಿಲಿಗೆ ಕಾಲು ಚಾಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ತಲೆ ಬೆಳ್ಳಗಾಗಿತ್ತು, ಮೈ ತುಂಬಿಕೊಂಡಿತ್ತು. ಬಂದವಳನ್ನು ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿ, "ಯಮುನಕ್ಕ ಅಲ್ವಾ? ಏನಿಷ್ಟು ದೂರ?" ಎಂದಳು. ದನಿಯಲ್ಲಿ ಪ್ರೀತಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಯಮುನಳಿಗೆ ಮರೆತುಹೋಯಿತು. ಪವನನ್ನು ಚೋಮಿಯ ಕೈಯಲ್ಲಿಟ್ಟು, "ನನ್ನ ಹತ್ರವೇ ಇತ್ತು ಚೋಮಿ. ನನಗೇ ಗೊತ್ತಿರಲಿಲ್ಲ. ನಿನ್ನ ಮೇಲೆ ಹೇಳ್ಬಿಟ್ಟೆ" ಎಂದಷ್ಟೇ ಹೇಳಿ ಅತ್ತಳು.

ಚೋಮಿ ಅಳಲಿಲ್ಲ. ಅಂಗೈಯನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ತಿರುಗಿಸಿ ನೋಡಿದಳು. "ಇಷ್ಟು ಸಣ್ಣದಾ?" ಎಂದಳು. "ನಾನು ಇಷ್ಟು ದೊಡ್ಡದು ಇರ್ಬೋದು ಅಂತ ಮಾಡಿದ್ದೆ." ಎರಡು ಕೈಯಲ್ಲಿ ಲೋಟದ ಬಾಯಿಯಷ್ಟು ಅಗಲ ತೋರಿಸಿದಳು.

"ನೀನು ನೋಡೇ ಇರಲಿಲ್ವಾ?"

"ಎಲ್ಲಿ ನೋಡುದು? ನಾನೇ ಬೀಳ್ಸಿದೆ ಅಂತ ಇದ್ದೆ ಅಕ್ಕ. ಆ ಚೀಲದ ಅಡೀಲಿ ಒಂದು ತೂತು ಇತ್ತು. ಮೋರಿ ಹತ್ರ ಕಾಲು ನೋವಾಗಿ ಚೀಲ ಕೆಳಗಿಟ್ಟು ಕೂತಿದ್ದೆ. ನೀವು ಹೇಳಿದ್ಮೇಲೆ ನಂಗೂ ಹಾಗೇ ಅನ್ನಿಸ್ತು, ಇವ್ರು ಆಣೆ ಹಾಕಿ ಹೇಳ್ತಾರೆ, ನಾನೇ ಬೀಳ್ಸಿರ್ಬೇಕು ಅಂತ. ಮೂರು ದಿನ ಗೇಟಿಂದ ಪೇಟೆವರೆಗೆ ಹುಲ್ಲು ಸರ್ಸಿ ಸರ್ಸಿ ಹುಡ್ಕಿದೆ. ಮೋರಿ ಒಳಗೆ ಕೈ ಹಾಕಿ ಕೆಸರೆಲ್ಲ ಎತ್ತಿದೆ. ಹೇಗಿರ್ತದೆ ಅಂತ್ಲೇ ಗೊತ್ತಿಲ್ಲ, ಹುಡ್ಕುದು ಹೇಗೆ?" ಎಲೆಯನ್ನು ಬಾಯಿಗಿಟ್ಟು ಸ್ವಲ್ಪ ಹೊತ್ತು ಅಗಿದಳು. "ನಿಮ್ಮ ಮೇಲೆ ಸಿಟ್ಟು ಬಂದಿತ್ತು, ಇಲ್ಲ ಅನ್ನುದಿಲ್ಲ. ಆಮೇಲೆ ನನ್ನ ಮೇಲೇ ಬಂತು. ಮುದುಕರು ಸಾಯುವಾಗ ಕೇಳಿದ್ರಲ್ಲ ಪಾಪ, ನಾನು ಕಳೆದೆನಲ್ಲ ಅಂತ."

ಯಮುನಳಿಗೆ ತಲೆ ಎತ್ತಲಾಗಲಿಲ್ಲ. ಕದ್ದಳೋ ಇಲ್ಲವೋ ಎಂದು ತಾನು ಅಂಗಡಿಯಲ್ಲಿ ಕೂತು ಯೋಚಿಸುತ್ತಿದ್ದ ಅಷ್ಟೂ ವರ್ಷ ಇವಳು ಇಲ್ಲಿ ಕೂತು, ಮಾಡದ ತಪ್ಪನ್ನು ಮಾಡಿದೆ ಎಂದುಕೊಂಡಿದ್ದಳು. ಕಳ್ಳಿ ಎಂದಿದ್ದಕ್ಕಿಂತ ಇದು ದೊಡ್ಡ ಪಾಪ ಎನಿಸಿತು.

ಚೋಮಿ ಯಮುನ ಕೊಟ್ಟ ರವಿಕೆಯ ಕಟ್ಟು ಬಿಚ್ಚಿ ತೋಳಿಗೆ ಹಿಡಿದು ನೋಡಿ, ಮೊದಲ ಸಲ ನಕ್ಕಳು. "ಈಗ ಇದ್ರಲ್ಲಿ ನನ್ನ ಒಂದು ಕೈ ಹೋಗ್ಬೋದು ಅಷ್ಟೇ. ಹೊಲಿಗೆ ಒಳಗೆ ಬಟ್ಟೆ ಬಿಟ್ಟಿದ್ದೀರಾ?"

"ಎರಡೂ ಕಡೆ ಬಿಟ್ಟಿದ್ದೇನೆ. ಬಿಚ್ಚಿ ಅಗಲ ಮಾಡ್ಬೋದು."

"ಹಾಗಾದ್ರೆ ಆಯ್ತು." ಚೋಮಿ ಬಾಯಲ್ಲಿದ್ದುದನ್ನು ಉಗುಳಿ ಎದ್ದು ನಿಂತಳು. "ಅವತ್ತು ಜಗಲೀಲಿ ನಿಂತು ಗಟ್ಟಿಯಾಗಿ ಹೇಳಿದ್ರಿ. ಕಣದಲ್ಲಿದ್ದವರಿಗೆಲ್ಲ ಕೇಳಿತ್ತು. ಇದನ್ನೂ ಅಷ್ಟೇ ಗಟ್ಟಿ ಹೇಳ್ತೀರಾ ಅಕ್ಕ?"

"ಹೇಳ್ತೇನೆ" ಎಂದಳು ಯಮುನ.

"ಬನ್ನಿ ಮತ್ತೆ, ಹನ್ನೊಂದೂವರೆಗೆ ಬಸ್ ಉಂಟು."

ಮೂರ್ನಾಡಿನಲ್ಲಿ ಇಳಿದು ಇಬ್ಬರೂ ಎಸ್ಟೇಟಿನ ದಾರಿಯಲ್ಲಿ ನಡೆದರು. ಆಟೋ ಮಾಡೋಣ ಎಂದು ಯಮುನ ಕರೆದರೆ ಚೋಮಿ ಬೇಡವೆಂದಳು. ದಾರಿಗೆ ಈಗ ಕಾಂಕ್ರೀಟು ಬಿದ್ದಿತ್ತು. ಆದರೂ ಚೋಮಿಗೆ ಎಲ್ಲ ನೆನಪಿತ್ತು. "ಇಲ್ಲಿ ಒಂದು ಲಾಂಟಾನ ಪೊದೆ ಇತ್ತು, ಕೈಯೆಲ್ಲ ಗೀಚಿತ್ತು." "ಈ ಕಲ್ಲು ಎತ್ತಿ ನೋಡಿದ್ದೆ." ಮೋರಿಯ ಹತ್ತಿರ ನಿಂತು ಕೆಳಗೆ ಇಣುಕಿದಳು. ಯಮುನ ಪಕ್ಕದಲ್ಲಿ ನಿಂತು ತಾನೂ ಇಣುಕಿದಳು. ಒಂದು ಹರಿದ ಚಪ್ಪಲಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

ಕಣಕ್ಕೆ ಕಾಲಿಡುವಾಗ ತೂಗುವ ಹೊತ್ತಾಗಿತ್ತು. ಪಿಕ್ಕಿಂಗಿನವರು ಮೂಟೆಗಳ ಪಕ್ಕದಲ್ಲಿ ಸಾಲಾಗಿ ನಿಂತಿದ್ದರು. ಹಳಬರು ಒಂದಿಬ್ಬರು, ಉಳಿದವರೆಲ್ಲ ಹೊಸಬರು. ಶಾಂಭವಿಯಕ್ಕ ಜಗಲಿಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಎಪ್ಪತ್ತೆಂಟಾಗಿತ್ತು. ಯಮುನ ಮೆಟ್ಟಿಲ ಮೇಲೆ ನಿಂತು, ಪವನನ್ನು ಅವರ ಮಡಿಲಿಗೆ ಇಟ್ಟು, ಹೇಳಬೇಕಾದ್ದನ್ನು ಹೇಳಿದಳು. ಹೇಳಿದಳೇನೋ ನಿಜ, ಆದರೆ ಬಾಯಿಂದ ಬಂದದ್ದು ದೇವರ ಮುಂದೆ ಹೇಳುವಷ್ಟು ಸಣ್ಣ ದನಿ.

ಶಾಂಭವಿಯಕ್ಕ ಕಿವಿಗೆ ಕೈ ಅಡ್ಡ ಹಿಡಿದರು. "ಎಂತ ಯಮುನ? ನಂಗೆ ಕಿವಿ ಕೇಳುದಿಲ್ಲ. ಗಟ್ಟಿ ಹೇಳು!"

ಚೋಮಿ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಯಮುನ ಉಸಿರು ಎಳೆದುಕೊಂಡಳು. "ಅಕ್ಕಾ, ಪವನು ನನ್ನ ಅಂಗಡೀಲೇ ಇತ್ತು! ನಾನೇ ಕಿಸೆ ಕತ್ತರಿಸುವಾಗ ನೋಡ್ಲಿಲ್ಲ!"

"ಯಾರು? ಯಾರು ನೋಡ್ಲಿಲ್ಲ?"

"ನಾನು! ನಾನು ಯಮುನ! ಚೋಮಿ ತೆಗೀಲಿಲ್ಲ, ಬೀಳಿಸ್ಲೂ ಇಲ್ಲ! ನಾನು ಅವಳ ಮೇಲೆ ಸುಳ್ಳು ಹೇಳಿದೆ!"

ತಕ್ಕಡಿಯ ಹತ್ತಿರ ಲೆಕ್ಕ ಬರೆಯುವ ರೈಟರ್ ತೂಕ ಕೂಗುವುದನ್ನು ನಿಲ್ಲಿಸಿದ. ಶಾಂಭವಿಯಕ್ಕ ಪವನನ್ನು ನೋಡಿದರು, ಚೋಮಿಯನ್ನು ನೋಡಿದರು. "ನಾನೂ ಕೇಳ್ಲಿಲ್ಲ ಅವಳನ್ನ" ಎಂದರು. "ಅಡುಗೆಮನೆಗೆ ಬರ್ಬೇಡ ಅಂದೆ. ಒಂದು ಮಾತು ಕೇಳ್ಲಿಲ್ಲ." ಕೈ ಚಾಚಿ ಚೋಮಿಯನ್ನು ಹತ್ತಿರ ಕರೆದು, ಅವಳ ಮಣಿಕಟ್ಟು ಹಿಡಿದುಕೊಂಡು ಕೂತರು. ಒಳಗಿನಿಂದ ಯಾರೋ ಕಾಫಿ ತಂದರು. ಚೋಮಿ ಜಗಲಿಯಲ್ಲಿ ಕುರ್ಚಿಯ ಪಕ್ಕದಲ್ಲೇ ಕೂತು ಕುಡಿದಳು.

ಪೇಟೆಗೆ ಮರಳುವಾಗ ಚೋಮಿ ಮತ್ತೆ ನೆಲ ನೋಡಿಕೊಂಡೇ ನಡೆಯುತ್ತಿದ್ದಳು. "ಇನ್ನೇನು ಹುಡುಕ್ತೀ?" ಎಂದು ಯಮುನ ಕೇಳಿದಳು. "ಅಭ್ಯಾಸ ಅಕ್ಕ" ಎಂದಳು ಚೋಮಿ.

ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಂಗಡಿಯ ಮೆಟ್ಟಿಲು ಹತ್ತಿದ ಚೋಮಿ ಗಡಿಯಾರದ ಎದುರಿಗೆ ನಿಂತು ಹಲ್ಲು, ಓಲೆ, ಸೀಟಿ ಎಲ್ಲವನ್ನೂ ವಿಚಾರಿಸಿದಳು. ಗಡಿಯಾರ ಮುಕ್ಕಾಲಿಗೆ ನಿಂತಿತ್ತು. ಯಾಕೆ ನಿಂತಿದೆ ಎಂದು ಕೇಳಿದ್ದಕ್ಕೆ ಕುಟ್ಟಪ್ಪ ಬಾಲದ ಭಾರದ ಲೆಕ್ಕ ವಿವರಿಸಿದ. ಚೋಮಿ ಸೊಂಟದಿಂದ ತನ್ನ ಸುಣ್ಣದ ಡಬ್ಬಿ ತೆಗೆದು ಕೊಟ್ಟಳು. "ಇದು ಸಾಕಾ ನೋಡಿ. ರವಿಕೆ ತಗೊಳ್ಳಕ್ಕೆ ಬರುವಾಗ ವಾಪಸ್ ಕೊಡಿ." ಕುಟ್ಟಪ್ಪ ಕಟ್ಟಿದ. ಸ್ಕೇಲು ನಡುಗಿ, ಹಲ್ಲನ್ನು ದಾಟಿತು.

ಯಮುನ ಟೇಪು ಹಿಡಿದು ಚೋಮಿಯ ತೋಳಿನ ಅಳತೆ ತೆಗೆದು ಬರೆದುಕೊಂಡಳು. ಚೋಮಿ ಜೊತೆಗೆ ತಂದಿದ್ದ ಕೆಂಪು ರವಿಕೆಯನ್ನು ಎತ್ತಿಕೊಂಡು, ಕಣ್ಣಲ್ಲೇ ತುಂಟತನ ತೋರಿಸುತ್ತಾ, "ನಿಮ್ಮಲ್ಲಿ ಒಂದು ರೂಲ್ಸ್ ಉಂಟಂತಲ್ಲ? ಕೊಡವಿ ತೋರ್ಸಿ ಕೊಡ್ಲಾ ಅಕ್ಕ?" ಎಂದಳು.

"ಬೇಡ ಮಾರಾಯ್ತಿ, ಹಾಗೇ ಕೊಡು" ಎಂದು ಯಮುನ ಎರಡೂ ಕೈ ಚಾಚಿ ತೆಗೆದುಕೊಂಡಳು.